ಸುಭಾಷನ ಅಂಗಡಿಯ ಪರದೆ

ಶಿರಸಿ ಪೇಟೆಯ ಓಣಿಯೊಂದರಲ್ಲಿ, ಹಿಟ್ಟಿನ ಗಿರಣಿಗೆ ಒತ್ತಿಕೊಂಡ ಹಾಗೆ ಸುಭಾಷ ನಾಯ್ಕನ ರಿಪೇರಿ ಅಂಗಡಿ ಇದೆ. ರೇಡಿಯೋ ಕಾಲದಲ್ಲಿ ರೇಡಿಯೋ ಬಿಚ್ಚಿದ, ಟೀವಿ ಕಾಲದಲ್ಲಿ ಟೀವಿ ಬಿಚ್ಚಿದ, ಈಗ ಕಂಪ್ಯೂಟರ್ ಬಿಚ್ಚುತ್ತಾನೆ. ಗಿರಣಿಯ ಹಿಟ್ಟು ಹಾರಿ ಬಂದು ಅವನ ಮೀಸೆಯ ಮೇಲೆ ಕೂರುವುದರಿಂದ, ಆ ಮೀಸೆ ನಿಜವಾಗಿ ಬೆಳ್ಳಗಾದದ್ದು ಯಾವಾಗ ಅಂತ ಓಣಿಯವರಿಗೆ ಗೊತ್ತೇ ಆಗಲಿಲ್ಲ.

ಅವನ ಹೆಸರು ನಿಂತಿದ್ದು ಒಂದು ಕೆಲಸದ ಮೇಲೆ. ಕಂಪ್ಯೂಟರಿನ ಒಳಗೆ ಪ್ರೊಸೆಸರ್ ಅಂತ ಚೌಕದ ಬಿಲ್ಲೆಯೊಂದಿರುತ್ತದಲ್ಲ, ಲೆಕ್ಕವೆಲ್ಲ ಮಾಡುವುದು ಅದು, ಬಿಸಿಯಾಗುವುದೂ ಅದೇ. ಅದರ ಕಾವು ಎಳೆದುಕೊಳ್ಳಲು ಮೇಲೊಂದು ಲೋಹದ ಗಟ್ಟಿ, ಆ ಗಟ್ಟಿಯ ತಲೆಯ ಮೇಲೆ ಫ್ಯಾನು. ಎರಡು ಲೋಹ ಎಷ್ಟೇ ನಯವಾಗಿರಲಿ, ನಡುವೆ ಕಣ್ಣಿಗೆ ಕಾಣದ ಸಂದು ಉಳಿಯುತ್ತದೆ. ಸಂದಿನಲ್ಲಿ ಕೂತ ಗಾಳಿ ಕಾವನ್ನು ದಾಟಗೊಡುವುದಿಲ್ಲ. ಆ ಸಂದು ತುಂಬಲೆಂದು ಹಚ್ಚುವುದು ಬೂದುಬಣ್ಣದ ಥರ್ಮಲ್ ಪೇಸ್ಟು. ಶಿರಸಿಯವರು ಅದಕ್ಕೆ ಮುಲಾಮು ಅಂತ ಹೆಸರಿಟ್ಟರು. ಕಡಿಮೆಯಾದರೆ ಗಾಳಿ ಉಳಿಯಿತು, ಹೆಚ್ಚಾದರೆ ಮುಲಾಮೇ ಕಂಬಳಿಯಾಯಿತು.

ಸುಭಾಷ ಅದನ್ನು ಸಿಮ್ ಕಾರ್ಡು ಕಿತ್ತು ಉಳಿದ ಪ್ಲಾಸ್ಟಿಕ್ ಚೂರಿನಿಂದ ಹರಡುತ್ತಿದ್ದ. ಬಿಲ್ಲೆಯ ಮೇಲಿನ ಅಕ್ಷರ ಮಬ್ಬಾಗಿ ಕಾಣಬೇಕು, ಅಷ್ಟು ತೆಳ್ಳಗೆ. ಹೊಸಬರು ನಡುವೆ ಒಂದು ಬೊಟ್ಟಿಟ್ಟು, ಮೇಲಿಂದ ಗಟ್ಟಿಯನ್ನು ಒತ್ತಿ ಕೈ ತೊಳೆದುಕೊಳ್ಳುವುದು ಕಂಡರೆ ಅವನಿಗೆ ನಗು. "ಕುಂಕುಮ ಇಟ್ಟು ಕಳ್ಸೋಕೆ ಅದೇನು ಮುತ್ತೈದೆಯಾ?" ಅನ್ನುತ್ತಿದ್ದ.

ಈ ಸೀಮೆಯಲ್ಲಿ ಬಡಿಸುವವನ ಕೈ ಸಣ್ಣದಾಗಬಾರದು. ತುಪ್ಪವಾದರೂ ಅಷ್ಟೆ, ಮುಲಾಮಾದರೂ ಅಷ್ಟೆ. ಎದುರಿಗೆ ಕೂತ ಗಿರಾಕಿಗಳು ಇನ್ನೊಂಚೂರು ಹಾಕು, ಇನ್ನೊಂಚೂರು ಹಾಕು ಅಂತ ಜೀವ ತಿನ್ನುತ್ತಿದ್ದರು. ಬನವಾಸಿ ಕಡೆಯಿಂದ ಬರುವ ಜೆರಾಕ್ಸ್ ಅಂಗಡಿಯ ವೀರಪ್ಪನಂತೂ ಬೆಂಚಿನ ಮೇಲಿಂದ ಎದ್ದೇ ಬಿಡುತ್ತಿದ್ದ. ಹೀಗಾಗಿ ಹೋದ ವರ್ಷ ಸುಭಾಷ ಮೇಜಿಗೆ ಅಡ್ಡವಾಗಿ ಹೂವಿನ ಚಿತ್ರದ ಪರದೆ ಕಟ್ಟಿ, ನಿಮ್ಮ ಕಾಟ ತಪ್ಪಲಿ ಅಂತ ಕಟ್ಟಿದ್ದು ಅಂದಾಗ ಎಲ್ಲರೂ ನಕ್ಕರು, ನಂಬಿದರು.

ಕಾಟವಲ್ಲ, ಕೈ. ಬಲಗೈ ನಡುಗತೊಡಗಿತ್ತು. ಮಡಿಲಲ್ಲಿಟ್ಟರೆ ಬೆಕ್ಕಿನ ಮರಿಯ ಹಾಗೆ ಮಲಗುವ ಕೈ, ಸಣ್ಣ ಕೆಲಸಕ್ಕೆ ಎತ್ತಿದ ಕೂಡಲೇ ಅದುರುತ್ತಿತ್ತು. ಡಾಕ್ಟರು ಜೀವಕ್ಕೆ ಹೆದರಿಕೆಯಿಲ್ಲ ಎಂದರು, ನಡುಕ ಪೂರ್ತಿ ಹೋಗುವುದೂ ಇಲ್ಲ ಎಂದರು. ಹೆಂಡತಿ ದಿವ್ಯಾಳಿಗೆ ಅವನು ಹೇಳಲಿಲ್ಲ. ಅವಳೂ ಕೇಳಲಿಲ್ಲ, ಲೋಟಕ್ಕೆ ಮುಕ್ಕಾಲು ಮಾತ್ರ ಚಹಾ ಹೊಯ್ದು ಕೊಡತೊಡಗಿದಳು.

ಪರದೆಯ ಹಿಂದೆ ಪ್ಲಾಸ್ಟಿಕ್ ಚೂರು ಅಡ್ಡಾದಿಡ್ಡಿ ಹೋಗುತ್ತಿತ್ತು. ಎಲ್ಲಿ ಬರಿದು ಉಳಿಯಿತೋ ಅಂತ ಹೆದರಿ ಅವನು ದಪ್ಪ ಹಚ್ಚತೊಡಗಿದ. ವೀರಪ್ಪನ ಕಂಪ್ಯೂಟರ್ ಮೊದಲಿಗಿಂತ ಹೆಚ್ಚು ಕಾದು ತಿರುಗಿ ಬಂತು. ಬಿಚ್ಚಿದರೆ ಮುಲಾಮು ಅಂಚಿನಿಂದ ಉಕ್ಕಿ ಹರಿದಿತ್ತು. "ಈ ಸಲ ಚಲೋ ಕೈಬಿಚ್ಚಿ ಹಚ್ಚೀರಿ ಅಂತ ಖುಷಿಯಾಗಿತ್ರೀ ನನಗ" ಅಂದ ವೀರಪ್ಪ, ಬೇಜಾರಿಲ್ಲದೆ. ಆ ಬೇಜಾರಿಲ್ಲದ ಮಾತೇ ಸುಭಾಷನಿಗೆ ಚುಚ್ಚಿತು. ಇನ್ನೊಂದು ಯಂತ್ರ ಹೀಗೆ ತಿರುಗಿ ಬಂದರೆ ಅಂಗಡಿಯ ಬೀಗದ ಕೈಯನ್ನು ಕಟ್ಟಡದ ಮಾಲೀಕರಿಗೆ ಕೊಟ್ಟುಬಿಡುವುದು ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿದ.

ಆಮೇಲೆ ಬಂದವರು ಭೈರುಂಬೆಯ ಸೀತಮ್ಮ. ತೊಡದೇವು ಎಂಬ ತೆಳ್ಳನೆಯ ಸಿಹಿತಿಂಡಿ ಮಾಡಿ ಮಾರುವವರು. ಡಬ್ಬಿಗೆ ಅಂಟಿಸುವ ಚೀಟಿಯನ್ನು ಮನೆಯಲ್ಲೇ ಮುದ್ರಿಸುತ್ತಿದ್ದರು. ಚೀಟಿ ಅರ್ಧ ಬರುವಷ್ಟರಲ್ಲಿ ಕಂಪ್ಯೂಟರ್ ಕಾದು ಆರಿಹೋಗುತ್ತಿತ್ತು. ಬಸ್ಸಿನಲ್ಲಿ ಅದನ್ನು ಮೊಮ್ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಮಾಡಿಸಿಕೊಂಡೇ ಹೋಗುವುದು ಅಂತ ಬೆಂಚಿನ ಮೇಲೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಏನೋ ಕೇಳಿದರು, ಗಿರಣಿಯ ಗದ್ದಲದಲ್ಲಿ ಉತ್ತರ ಕೇಳಿಸಲಿಲ್ಲ. ಎದ್ದವರೇ ಪರದೆ ಸರಿಸಿದರು.

ಬಿಲ್ಲೆಯ ಮೇಲೆ ಕೋಳಿ ಕೆದರಿದ ಹಾಗೆ ಗೆರೆಗಳು.

"ತಮಾ, ನಿನ್ನ ಕೈ ನಡುಗ್ತಲ."

ಗಿರಣಿಯ ಅದುರು ಮೇಜಿಗೆ ಬರುತ್ತದೆ ಅಂದ ಸುಭಾಷ. ಅದೇ ಹೊತ್ತಿಗೆ ಗಿರಣಿಯವನು ಚೀಲ ಬದಲಿಸಲು ಯಂತ್ರ ನಿಲ್ಲಿಸಿದ. ಮೇಜು ನಿಂತಿತು. ಕೈ ನಿಲ್ಲಲಿಲ್ಲ.

ಸೀತಮ್ಮ ನಗಲಿಲ್ಲ. ಸ್ಟೂಲು ಎಳೆದುಕೊಂಡು ಪಕ್ಕದಲ್ಲೇ ಕೂತರು. ತಮ್ಮ ಕೈಯೂ ನಡುಗುವುದೇ ಎಂದರು. ತೊಡದೇವಿಗೆ ಒಲೆಯ ಮೇಲೆ ಬೋರಲು ಹಾಕಿದ ಗಡಿಗೆ, ಅದರ ಕಾದ ಬೆನ್ನಿನ ಮೇಲೆ ಕಬ್ಬಿನಹಾಲಿನ ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಕಾಗದದಷ್ಟು ತೆಳ್ಳಗೆ ಎಳೆಯಬೇಕು. ಕೈ ನಡುಗಲು ಶುರುವಾದಾಗ ಅವರೂ ಜೋಪಾನವಾಗಿ, ನಿಧಾನವಾಗಿ ಎಳೆದು ನೋಡಿದರಂತೆ. ಎಲ್ಲ ಹರಿದುಹೋಯಿತಂತೆ.

"ಮೆಲ್ಲಗೆ ಹೋದಷ್ಟೂ ನಡುಗ್ತು ತಮಾ. ಈಗ ಭುಜದಿಂದ ಒಂದೇ ಎಳೆತ. ಮತ್ತೆ ಮುಟ್ಟದೇ ಇಲ್ಲೆ. ಅದರಷ್ಟಕ್ಕೆ ಅದು ಗಡಿಗೆ ಬಿಟ್ಟು ಏಳ್ತು."

ಸುಭಾಷ ಬಿಲ್ಲೆ ಒರೆಸಿ, ಹೊಸ ಮುಲಾಮು ಹಾಕಿ, ಪ್ಲಾಸ್ಟಿಕ್ ಚೂರಿನಿಂದ ಭುಜದ ಬಲ ಹಾಕಿ ಒಂದೇ ಎಳೆತ ಎಳೆದ. ಮುಲಾಮು ಹಾರಿ ಸೀತಮ್ಮನ ಸೆರಗಿಗೆ ಬಿತ್ತು. ಈಗ ನಕ್ಕರು ಅವರು. "ಇದು ಗಡಿಗೆ ಅಲ್ದೋ ಮಾರಾಯ!"

ಅವನಿಗೂ ನಗು ಬಂತು. ನಗುತ್ತಲೇ ಬಿಲ್ಲೆಯನ್ನು ಮತ್ತೆ ಸ್ಪಿರಿಟ್ಟಿನಲ್ಲಿ ಒರೆಸುತ್ತ ಕೂತವನಿಗೆ ಹೊಸಬರ ಬೊಟ್ಟು ನೆನಪಾಯಿತು. ಎಳೆಯುವುದೇ ಬೇಡ, ಗಟ್ಟಿಯ ಭಾರವೇ ಹರಡುತ್ತದೆ. ವರ್ಷಗಟ್ಟಲೆ ಆಡಿಕೊಂಡು ನಕ್ಕ ಕೆಲಸ. ಎಡಮುಷ್ಟಿಯ ಮೇಲೆ ಬಲಗೈ ಮಣಿಕಟ್ಟು ಊರಿ, ಮುಲಾಮಿನ ಸಿರಿಂಜನ್ನು ಒಮ್ಮೆ ಒತ್ತಿದ. ಬಟಾಣಿಯಷ್ಟು ಬೊಟ್ಟು ಬಿತ್ತು, ನಡುವಿನಿಂದ ಕೂದಲೆಳೆಯಷ್ಟು ಆಚೆ. ಸರಿಮಾಡಲು ಹೋಗಲಿಲ್ಲ. ಎರಡು ಕೈಯಲ್ಲೂ ಗಟ್ಟಿಯನ್ನು ಹಿಡಿದು, ಭುಜದಿಂದ ನೇರ ಕೆಳಗಿಳಿಸಿ, ಎದುರುಬದುರು ಮೂಲೆಯ ಕಾಲುಗಳನ್ನು ಅದುಮಿದ. ಟಕ್ ಟಕ್ ಅಂತ ಕೂತವು. ಮತ್ತೆ ಮುಟ್ಟಲಿಲ್ಲ.

ಕಂಪ್ಯೂಟರ್ ಚಾಲೂ ಮಾಡಿದ. ಗಿರಣಿ ಮತ್ತೆ ಶುರುವಾಯಿತು. ಇಬ್ಬರೂ ಮಾನಿಟರಿನ ಮೇಲಿನ ಕಾವಿನ ಅಂಕಿಯನ್ನೇ ನೋಡುತ್ತ ಕೂತರು. ಅದು ಸ್ವಲ್ಪ ಏರಿತು, ಅಲ್ಲೇ ನಿಂತಿತು. ಅಂಗಡಿಯ ಪ್ರಿಂಟರಿಗೆ ಜೋಡಿಸಿ ಕೊಟ್ಟಾಗ ಚೀಟಿ ಒಂದರ ಹಿಂದೊಂದು ಬಂದವು. ಸುಭಾಷ ಬಲಗೈಯನ್ನೇ ಚಾಚಿ ಅವನ್ನು ಎತ್ತಿ ಕೊಟ್ಟ. ಚೀಟಿಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲುಗಿದವು. ಅವನು ಕೈ ಹಿಂತೆಗೆಯಲಿಲ್ಲ.

ಕಂಪ್ಯೂಟರನ್ನು ಗೋಡೆಗೆ ಒತ್ತಿ ಇಡಬೇಡಿ, ಫ್ಯಾನಿಗೆ ಗಾಳಿ ಬೇಕು ಅಂತ ಅವನು ಹೇಳಿದ. ಹೊರಡುವಾಗ ಸೀತಮ್ಮ ಪರದೆಯನ್ನು ಬೆರಳಿನಿಂದ ಎತ್ತಿ ನೋಡಿದರು. "ಕಂಪ್ಯೂಟರಿಗೆ ಗಾಳಿ ಬೇಕು ಹೇಳಿ ನೀನೇ ಹೇಳದು. ನಿಂಗೆ ಬ್ಯಾಡದಾ?"

ಅವನು ಬಿಚ್ಚಿ ಮನೆಗೆ ಒಯ್ದ ಆ ಪರದೆಯನ್ನು ದಿವ್ಯಾ ಕತ್ತರಿಸಿ ಹಳೇ ಮುಲಾಮು ಒರೆಸುವ ಬಟ್ಟೆ ಮಾಡಿಕೊಟ್ಟಳು. ಪರದೆ ಕಟ್ಟಿದ್ದು ಯಾಕೆ ಅಂತ ಸುಭಾಷನೇ ಹೇಳಿದ, ಅವಳು ಮೊದಲೇ ಗೊತ್ತಿದ್ದವಳ ಹಾಗೆ ಹೌದೌದು ಅಂದಳು.

ಪರದೆ ಹೋದ ಮೇಲೆ ಗಿರಾಕಿಗಳ ಕಾಟ ಮತ್ತೆ ಶುರುವಾಗಿದೆ. ಮೊನ್ನೆ ವೀರಪ್ಪ ಇನ್ನೊಂದು ಕಂಪ್ಯೂಟರ್ ತಂದವನು ಬೊಟ್ಟು ಕಂಡು ಗಾಬರಿಯಾದ.

"ಇಷ್ಟ ಏನ್ರಿ? ಇನ್ನೊಂದೀಟು ಬರ್ಲಿ ಬಿಡ್ರಿ."

"ವೀರಪ್ಪನವ್ರೇ, ನನ್ನ ಕೈ ನಡುಗ್ತದೆ. ಜಾಸ್ತಿ ಬಿದ್ದೀತು ಅಂತ ಹೆದರ್ಕೊಂಡು ಹಾಕ್ತಾ ಇದ್ದೇನೆ ನಾನು. ನಿಮ್ಗೆ ಕಮ್ಮಿ ಆಯ್ತು ಅನ್ನೋ ಚಿಂತೆಯಾ?"

ವೀರಪ್ಪ ಆ ಕೈಯನ್ನು ನೋಡಿದ, ಬೊಟ್ಟನ್ನು ನೋಡಿದ, ಬೆಂಚಿಗೆ ಹೋಗಿ ಕೂತ. ಕೂತ ಮೇಲೂ ಕತ್ತು ಮಾತ್ರ ಮೇಜಿನ ಕಡೆಗೇ ಉದ್ದವಾಗಿತ್ತು.