ಹೊಟ್ಟಿನ ಕೋಣೆಯಲ್ಲಿ ಕಳೆದ ಮಧ್ಯಾಹ್ನ

ನಾನು ಇಪ್ಪತ್ತಾರು ವರ್ಷ ನರ್ಸಾಗಿ ಕೆಲಸ ಮಾಡಿದವಳು. ಮೊದಲು ಯಲಬುರ್ಗಾ, ಆಮೇಲೆ ಕುಷ್ಟಗಿ, ಕೊನೆಗೆ ಕೊಪ್ಪಳ. ಅಷ್ಟು ವರ್ಷ ವಾರ್ಡುಗಳಲ್ಲಿ ಓಡಾಡಿದವರ ಕಿವಿಗೆ ಬೀಳದ ಕಥೆಗಳೇ ಇಲ್ಲ. ಖಾಲಿ ಮಂಚದಿಂದ ಕೆಮ್ಮು ಕೇಳಿಸಿತು, ಸತ್ತವರು ಬಂದು ಔಷಧಿ ಕೇಳಿದರು, ಇಂಥವು. ನಾನು ಯಾವುದನ್ನೂ ನಂಬಿದವಳಲ್ಲ. ಹೊಸ ಹುಡುಗಿಯರು ಹೆದರಿಕೊಂಡು ಬಂದರೆ, "ಮೊದ್ಲ ಊಟಾ ಮಾಡ್ರಿ. ಹೊಟ್ಟಿ ಖಾಲಿ ಇದ್ರ ಎಲ್ಲಾ ಕಾಣಸ್ತೈತಿ" ಎಂದು ಹೇಳಿ ಕಳಿಸುತ್ತಿದ್ದೆ. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದಿದ್ದರೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯಲ್ಲಿ ಮುಚ್ಚಿಹೋಗಿದ್ದ ಒಂದು ಅಕ್ಕಿ ಗಿರಣಿಯನ್ನು ಯಾರೋ ಕೊಂಡು, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳುವ ಕೇಂದ್ರ ಮಾಡಿದ್ದರು. ಅದರ ಅನುಮತಿ ನವೀಕರಣಕ್ಕೆ ಬಂದಿತ್ತು. ಆರೈಕೆ ಹೇಗಿದೆ ಎಂದು ನೋಡಿ ವರದಿ ಕೊಡಲು ಮೂವರ ಸಮಿತಿಯಾಯಿತು. ಒಬ್ಬರು ಇಲಾಖೆಯ ಅಧಿಕಾರಿ, ಒಬ್ಬರು ವಯಸ್ಸಿನಲ್ಲಿ ನನಗಿಂತ ಬಹಳ ಕಿರಿಯರಾದ ಡಾಕ್ಟರು, ಮತ್ತೆ ನಾನು.

ನಾವು ಬರುವ ದಿನ ಅವರಿಗೆ ಮೊದಲೇ ಗೊತ್ತಿತ್ತು. ಅದೇನೂ ವಿಶೇಷವಲ್ಲ, ಎಲ್ಲ ಕಡೆಯೂ ಹಾಗೆಯೇ. ಹೋದಾಗ ನೆಲದಲ್ಲಿ ಫಿನೈಲಿನ ವಾಸನೆ ಇತ್ತು, ಮಂಚಗಳ ಮೇಲೆ ಮಡಿಕೆಯ ಗೆರೆಯೂ ಹೋಗದ ಹೊಸ ಚಾದರಗಳಿದ್ದವು. ಹಿರಿಯರಿಗೆಲ್ಲ ತಲೆ ಬಾಚಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದರು. ಮ್ಯಾನೇಜರ್ ಶರಣಪ್ಪ ಅಡುಗೆಮನೆ, ಔಷಧಿ ಕಪಾಟು, ಹಾಜರಿ ಪುಸ್ತಕ ಎಲ್ಲವನ್ನೂ ತಾನೇ ಮುಂದೆ ನಿಂತು ತೋರಿಸಿದ. ಹೆಂಗಸರ ವಾರ್ಡಿನಲ್ಲಿ ಕಿಟಕಿಯ ಪಕ್ಕದ ಒಂದು ಮಂಚ ಖಾಲಿ ಇತ್ತು. ಕೇಳಿದ್ದಕ್ಕೆ, "ಬೇವೂರಿನ ಅಮ್ಮಾರದ್ರಿ ಅದು. ಮಗಳ ಮನಿಗೆ ಹೋಗ್ಯಾರ್ರಿ, ನಾಲ್ಕ ದಿನಾ ಬಿಟ್ಟು ಬರ್ತಾರ" ಎಂದ.

ನಾನು ನಂಬಿದೆ. ನಂಬದಿರಲು ಕಾರಣವೇ ಇರಲಿಲ್ಲ. ಊಟವಾದ ಮೇಲೆ ಅಧಿಕಾರಿಗಳು ಮತ್ತು ಡಾಕ್ಟರು ಹೊರಗೆ ವರಾಂಡದಲ್ಲಿ ಚಹಾಕ್ಕೆ ಕೂತರು. ನಮೂನೆ ತುಂಬುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅದನ್ನು ಹಿಡಿದುಕೊಂಡು ಒಬ್ಬಳೇ ಹೆಂಗಸರ ವಾರ್ಡಿಗೆ ಹೋದೆ. ಎಲ್ಲರೂ ಮಲಗಿದ್ದರು. ಕೂರಲು ಕುರ್ಚಿ ಇರಲಿಲ್ಲವಾದ್ದರಿಂದ ಆ ಖಾಲಿ ಮಂಚದ ಮೇಲೆ ಕೂತು, ತೊಡೆಯ ಮೇಲೆ ಕಾಗದವಿಟ್ಟು ಬರೆಯತೊಡಗಿದೆ. ಸ್ವಚ್ಛತೆ, ಉತ್ತಮ. ಆಹಾರ, ಉತ್ತಮ. ಹಾಸಿಗೆ ಹುಣ್ಣು, ಕಂಡುಬಂದಿಲ್ಲ. ಗೋಡೆಯ ಗಡಿಯಾರದಲ್ಲಿ ಎರಡೂವರೆ ಆಗಿದ್ದು ನನಗೆ ಚೆನ್ನಾಗಿ ನೆನಪಿದೆ. ಸಿಬ್ಬಂದಿಯ ವರ್ತನೆ ಎಂಬ ಸಾಲಿಗೆ ಬಂದಿದ್ದೆ.

ಆಮೇಲೆ ಆದದ್ದನ್ನು ಆದಂತೆಯೇ ಹೇಳುತ್ತೇನೆ. ತಲೆ ತಿರುಗಲಿಲ್ಲ, ಕಣ್ಣು ಕತ್ತಲೆ ಬರಲಿಲ್ಲ. ಒಂದು ಕ್ಷಣ ಕೈಯಲ್ಲಿ ಪೆನ್ನಿತ್ತು, ಮರುಕ್ಷಣ ನಾನು ಅಂಗಾತ ಮಲಗಿದ್ದೆ. ತಲೆಯ ಮೇಲೆ ವಾರ್ಡಿನ ಫ್ಯಾನು ಇರಲಿಲ್ಲ. ಹೊಗೆ ಹಿಡಿದ ಸಿಮೆಂಟ್ ತಗಡು ಇತ್ತು, ಅದರಲ್ಲಿ ಒಂದು ತೂತು. ತೂತಿನಿಂದ ಬಿಸಿಲು ಇಳಿದು ನನ್ನ ಹೊಟ್ಟೆಯ ಮೇಲೆ ಲಿಂಬೆಹಣ್ಣಿನಷ್ಟು ದುಂಡಗೆ ಬಿದ್ದಿತ್ತು. ಮುಗ್ಗಿದ ಭತ್ತದ ಹೊಟ್ಟಿನ ವಾಸನೆ, ಅದರ ಜೊತೆ ಮೂತ್ರದ ವಾಸನೆ. ಏಳಲು ಹೋದೆ. ಬಲಗೈಯನ್ನು ಮಂಚದ ಕಬ್ಬಿಣಕ್ಕೆ ಬಟ್ಟೆಯಿಂದ ಕಟ್ಟಿದ್ದರು. ಎಡಗೈಯನ್ನು ಕಟ್ಟಿರಲಿಲ್ಲ, ಆದರೆ ಎಡಗೈ ಇದೆ ಎಂಬುದೇ ನನಗೆ ತಿಳಿಯಲಿಲ್ಲ. ಎಡಗಾಲೂ ಹಾಗೆಯೇ. ಅರ್ಧ ಮೈ ಮಣ್ಣಿನಲ್ಲಿ ಹೂತಂತಿತ್ತು.

ಕೂಗಿದೆ. ಅಂದರೆ, ಕೂಗಿದೆ ಎಂದುಕೊಂಡೆ. ಬಾಯಿಂದ ಬಂದದ್ದು ಗಂಟಲು ಕೆರೆದ ಹಾಗೊಂದು ಶಬ್ದ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತ್ತು.

ಅಂಥ ಬಾಯಾರಿಕೆ ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಒಂದು ನೊಣ ಬಂದು ಕಣ್ಣಿನ ಮೂಲೆಯಲ್ಲಿ ಕೂತಿತು. ರೆಪ್ಪೆ ಬಡಿದರೆ ಎದ್ದು ಮತ್ತೆ ಅಲ್ಲೇ ಕೂರುತ್ತಿತ್ತು. ಕೈ ಎಳೆದೆ, ಬಟ್ಟೆ ಇನ್ನೂ ಬಿಗಿಯಾಯಿತು. ಲಕ್ವಾ ಹೊಡೆದ ರೋಗಿಗಳಿಗೆ ಎಷ್ಟೋ ಸಲ ನಾನೇ ಹೇಳಿದ್ದೆ, ಹೆದರಬ್ಯಾಡ್ರಿ, ಮೊದಲು ಕಾಲಿನ ಬೆರಳು ಅಲುಗಾಡಿಸಿ ನೋಡ್ರಿ ಎಂದು. ನೋಡಿದೆ. ಆ ಬೆರಳುಗಳು ಎಲ್ಲಿವೆಯೋ ನನಗೇ ಗೊತ್ತಾಗಲಿಲ್ಲ. ಹೊರಗೆ ಎಲ್ಲೋ ಟ್ರಾಕ್ಟರ್ ಹೋಯಿತು. ಜನ ಇದ್ದಾರೆ, ಹತ್ತಿರದಲ್ಲೇ ಇದ್ದಾರೆ, ಅವರಲ್ಲಿ ಒಬ್ಬರಿಗೂ ನಾನು ಇಲ್ಲಿರುವುದು ಗೊತ್ತಿಲ್ಲ ಎಂಬ ಯೋಚನೆ ಬಂದಾಗ ನಿಜವಾಗಿ ಭಯವಾಯಿತು.

ಬಾಗಿಲು ತೆರೆಯಿತು. ಇಬ್ಬರು ಆಯಾಗಳು ಬಂದರು. ಬೆಳಿಗ್ಗೆ ನನಗೆ ನಮಸ್ಕಾರ ಮಾಡಿ ಚೀಲ ಇಸಿದುಕೊಂಡಿದ್ದ ಹನುಮವ್ವ ಮತ್ತು ರೇಣವ್ವ. ನನ್ನನ್ನು ಗುರುತಿಸುತ್ತಾರೆ ಎಂದು ಅವರನ್ನೇ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ.

"ಹೋದ್ರೇನು ಅವ್ರು?" ಹನುಮವ್ವ ಕೇಳಿದಳು.

"ಇಲ್ಲಬೇ, ಇನ್ನಾ ಚಾ ಕುಡ್ಯಾಕತ್ತಾರ. ಆ ನರ್ಸಮ್ಮ ಒಳಗ ಕುಂತು ಬರಿಯಾಕತ್ತಾಳ."

"ಇಕಿ ನೀರ ಬೇಡಾಕತ್ತಾಳ ನೋಡು."

"ಬೇಡ್ಲಿ ಬಿಡು. ಕೊಟ್ರ ಮತ್ತ ತೋಯಿಸ್ತಾಳ. ಅವ್ರು ಹೋಗೂತನಕ ಹಂಗ ಇರ್ಲಿ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬಿಸಿಲು ಜಾಸ್ತಿಯಾಯಿತು ಎಂದು ಮಾತಾಡಿಕೊಂಡ ಹಾಗೆ ಮಾತಾಡಿಕೊಂಡರು. ಒಬ್ಬಳು ನನ್ನ ಭುಜಕ್ಕೆ ಕೈಹಾಕಿ ಪಕ್ಕಕ್ಕೆ ಹೊರಳಿಸಿ, ಕೆಳಗಿನ ಬಟ್ಟೆ ಮುಟ್ಟಿ ನೋಡಿ ಮತ್ತೆ ಅಂಗಾತ ಬಿಟ್ಟಳು. ಆ ಹೊತ್ತಿನಲ್ಲೂ ಇನ್ನೊಬ್ಬಳ ಮಗಳ ಹೆರಿಗೆಯ ಮಾತು ನಡೆದೇ ಇತ್ತು. ಅಂಥ ಮಾತುಗಳನ್ನು ನಾನೂ ಆಡಿದ್ದೇನೆ. ಎಷ್ಟು ಜನರ ಮೈಮೇಲೆ ಬಗ್ಗಿ ನಿಂತು, ಎಷ್ಟು ಸಲ ಆಡಿದ್ದೇನೋ. ಅವರು ಹೊರಗೆ ಹೋದರು. ಚಿಲಕ ಹಾಕಿದ ಸದ್ದು, ಆಮೇಲೆ ಬೀಗ ಒತ್ತಿದ ಸದ್ದು ಕೇಳಿಸಿತು.

ಎಷ್ಟು ಹೊತ್ತು ಹಾಗಿದ್ದೆನೋ. ಆ ಬಿಸಿಲಿನ ಚುಕ್ಕೆಯನ್ನು ಬಿಟ್ಟು ನೋಡಲು ಬೇರೇನೂ ಇರಲಿಲ್ಲ. ಅದು ಹೊಟ್ಟೆಯಿಂದ ಎದೆಗೆ, ಎದೆಯಿಂದ ಕುತ್ತಿಗೆಗೆ ಬಂತು. ಒಂದು ತಾಸಾದರೂ ಆಗಿರಬೇಕು. ಮೊದಮೊದಲು ಗಂಡನ ಹೆಸರು, ಮಕ್ಕಳ ಹೆಸರು, ನನ್ನ ಹೆಸರು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಆಮೇಲೆ ಅದನ್ನೂ ಬಿಟ್ಟೆ. ಚುಕ್ಕೆ ಗಲ್ಲಕ್ಕೆ ಬಂದರೆ ಬಾಯಿ ಇನ್ನೂ ಒಣಗುತ್ತದೆ, ಅಷ್ಟರೊಳಗೆ ಯಾರಾದರೂ ಬರಲಿ ಎಂಬುದೊಂದೇ ಯೋಚನೆ ಉಳಿಯಿತು.

ಬಂದವರು ಯಾರೂ ಇಲ್ಲ. ಮೊದಲು ಹೇಗಾಯಿತೋ ಹಾಗೆಯೇ, ನಡುವೆ ಏನೂ ಇಲ್ಲದೆ, ನಾನು ವಾರ್ಡಿನ ಬಾಗಿಲಲ್ಲಿ ನಿಂತಿದ್ದೆ. ನಮೂನೆ ಕೈಯಲ್ಲೇ ಇತ್ತು. ಸೀರೆಯ ಎದೆಭಾಗ ಒದ್ದೆಯಾಗಿತ್ತು. ಗಡಿಯಾರದಲ್ಲಿ ಎರಡು ಮುಕ್ಕಾಲು. ಎದುರಿಗೆ ಶರಣಪ್ಪ ತಟ್ಟೆ ಹಿಡಿದು, "ನೀವು ಚಾ ತಗೊಳಿಲ್ಲಲ್ರಿ ಮೇಡಂ" ಎನ್ನುತ್ತಿದ್ದ.

"ಹೊಟ್ಟಿನ ಕೋಣಿ ಬಾಗಲಾ ತಗೀರಿ" ಎಂದೆ.

ಅಂಥದೊಂದು ಕೋಣೆ ಅಲ್ಲಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮಾತು ತಾನಾಗಿ ಬಂತು. ಶರಣಪ್ಪ ತಟ್ಟೆಯನ್ನು ಕಿಟಕಿಯ ಮೇಲಿಟ್ಟ. "ಅಲ್ಲೇನೂ ಇಲ್ರಿ. ಹಳೇ ಸಾಮಾನ ಅದಾವು. ಕೀಲಿನೂ ಸಿಗವಲ್ದು" ಎಂದ. ಅಧಿಕಾರಿಗಳು ಗಡಿಯಾರ ನೋಡಿಕೊಂಡು, "ಬಿಡ್ರಿ ಮೇಡಂ, ಹೊತ್ತಾತು" ಎಂದರು. ನಾನು ಅಲ್ಲಾಡಲಿಲ್ಲ. ಬಾಗಿಲು ತೆಗೆಯದೆ ಸಹಿ ಹಾಕುವುದಿಲ್ಲ ಎಂದೆ. ಡಾಕ್ಟರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಶರಣಪ್ಪನಿಗೆ, "ಕೀಲಿ ಇಲ್ಲಂದ್ರ ಕೀಲಿ ಒಡೀರಿ" ಎಂದರು. ಆಗ ಅವನ ಕಿಸೆಯಲ್ಲೇ ಕೀಲಿಕೈ ಸಿಕ್ಕಿತು.

ಆ ಕೋಣೆ ವಾರ್ಡಿಗೆ ಹೊಂದಿಕೊಂಡದ್ದಲ್ಲ. ಹಿಂದಿನ ಅಂಗಳ ದಾಟಿ, ಹಳೆಯ ಬಾಯ್ಲರಿನ ಗೋಡೆ ಸುತ್ತಿ ಹೋಗಬೇಕಿತ್ತು. ನಾನು ಯಾರನ್ನೂ ಕೇಳದೆ ಮುಂದೆ ನಡೆದೆನಂತೆ. ಬಾಗಿಲು ತೆಗೆದಾಗ ಅದೇ ತಗಡು, ಅದೇ ತೂತು. ಮಂಚದ ಮೇಲೆ ಎಪ್ಪತ್ತು ದಾಟಿದ ಹೆಂಗಸೊಬ್ಬಳಿದ್ದಳು, ಬಲಗೈಯನ್ನು ಹಳೆಯ ಸೀರೆಯ ತುಂಡಿನಿಂದ ಕಟ್ಟಿದ್ದರು. ನನ್ನ ಕುತ್ತಿಗೆಯವರೆಗೆ ಬಂದಿದ್ದ ಬಿಸಿಲಿನ ಚುಕ್ಕೆ ಅವಳ ಹೊಟ್ಟೆಯ ಮೇಲಿನಿಂದ ಆಗ ತಾನೇ ಸರಿಯುತ್ತಿತ್ತು. ಕಣ್ಣುಗಳು ತೆರೆದಿದ್ದವು.

ಗಂಟು ಬಿಚ್ಚಿದೆ. ಒದ್ದೆ ಬಟ್ಟೆಯಿಂದ ತುಟಿ ಒರೆಸಿ, ಆಮೇಲೆ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ನೀರು ಹಾಕಿದೆ. ಡಾಕ್ಟರು ಹೊರಳಿಸಿ ನೋಡಿದಾಗ ಸೊಂಟದ ಕೆಳಗೆ ನನ್ನ ಅಂಗೈಯಷ್ಟು ಅಗಲದ ಹುಣ್ಣಿತ್ತು. ಅದನ್ನು ಯಾರಿಗೂ ತೋರಿಸಬಾರದೆಂದೇ ಅವಳನ್ನು ಬೆಳಿಗ್ಗೆ ಇಲ್ಲಿಗೆ ಸಾಗಿಸಿದ್ದರು. ಬಾಗಿಲಲ್ಲಿ ನಿಂತಿದ್ದ ರೇಣವ್ವ, ಯಾರೂ ಕೇಳದಿದ್ದರೂ, "ನಮಗ ಹೇಳಿದ್ದು ನಾವು ಮಾಡೀವ್ರಿ ಅಕ್ಕಾರ. ಇಷ್ಟು ಮಂದಿಗೆ ನಾವು ಇಬ್ಬರ ಅದೀವಿ" ಎಂದಳು. ನಾನು ಇನ್ನೊಂದು ಚಮಚ ನೀರು ಹಾಕಿದೆ.

ಬೇವೂರಿನ ಪಾರ್ವತವ್ವ ಎಂದು ಅವಳ ಹೆಸರು. ಅವಳನ್ನು ಅಂದೇ ಆಸ್ಪತ್ರೆಗೆ ಸೇರಿಸಿದೆವು. ನಾನು ಬರೆದಿದ್ದನ್ನೆಲ್ಲ ಹೊಡೆದುಹಾಕಿ ಬೇರೆ ನಮೂನೆ ತುಂಬಿದೆ. ಮೂವರೂ ಸಹಿ ಮಾಡಿದೆವು. ಅನುಮತಿ ನವೀಕರಣ ಆಗಲಿಲ್ಲ. ಉಳಿದ ಹಿರಿಯರನ್ನು ತಿಂಗಳೊಳಗೆ ಬೇರೆ ಕಡೆಗೆ ಕಳಿಸಿದರು.

ಅವತ್ತು ವಾಪಸ್ ಬರುವಾಗ ಜೀಪಿನಲ್ಲಿ ಡಾಕ್ಟರು ಕೇಳಿದರು, "ನಿಮಗ ಯಾರು ಹೇಳಿದ್ರಿ ಮೇಡಂ, ಆ ಕೋಣ್ಯಾಗ ಒಬ್ರು ಅದಾರಂತ?" ವಾರ್ಡಿನಲ್ಲಿ ಕೂತಲ್ಲೇ ಕಣ್ಣು ಹತ್ತಿ ಏನೋ ಕಂಡೆ ಎಂದೆ. ಅವರು ಹುಬ್ಬು ಗಂಟಿಕ್ಕಿದರು.

"ವಾರ್ಡಿನ್ಯಾಗ ಎಲ್ಲಿ ಕುಂತಿದ್ರಿ? ಒಳಗ ಹೋದ ಎರಡ ನಿಮಿಷಕ್ಕ ಹೊರಗ ಬಂದ್ರಲ್ರಿ. ಬಂದವ್ರ ನಾಲ್ಕ ಲೋಟ ನೀರು ಕುಡದ್ರಿ. ನಾ ಮಾತಾಡ್ಸಿದ್ರ ಮಾತಾಡ್ಲಿಲ್ಲ. ಎರಡೂ ಕೈ ಎತ್ತಿ ನೋಡ್ಕೊಂಡ್ರಿ. ಆಮ್ಯಾಲೆ ಗೇಟಿನತನಕ ಹೋಗೋದು, ಬರೋದು, ಹೋಗೋದು, ಬರೋದು. ಹತ್ತು ನಿಮಿಷ ಬರೇ ಅಡ್ಡಾಡಿದ್ರಿ."

ಅಧಿಕಾರಿಗಳೂ ಹೌದೆಂದರು. ನನಗೆ ಅದರಲ್ಲಿ ಒಂದು ಹೆಜ್ಜೆಯೂ ನೆನಪಿಲ್ಲ.

ನಾನು ಕಂಡದ್ದನ್ನೆಲ್ಲ ಹೇಳಿದ ಮೇಲೆ, ಬಿಸಿಲಿಗೆ ಹಾಗಾಗಿರಬಹುದು ಎಂದು ಡಾಕ್ಟರು ಹೇಳಿದರು. ಆಯಾಗಳ ಮಾತು ಎಲ್ಲೋ ಕಿವಿಗೆ ಬಿದ್ದಿರಬೇಕು, ಉಳಿದದ್ದನ್ನು ಮನಸ್ಸು ಕಟ್ಟಿಕೊಂಡಿರಬೇಕು. ನಾನೂ ಒಪ್ಪಿಕೊಳ್ಳಲು ನೋಡಿದೆ. ರಕ್ತದ ಒತ್ತಡ, ಸಕ್ಕರೆ ಎಲ್ಲ ಪರೀಕ್ಷೆ ಮಾಡಿಸಿಕೊಂಡೆ. ಏನೂ ಇರಲಿಲ್ಲ.

ಇಪ್ಪತ್ತು ದಿನ ಬಿಟ್ಟು ಪಾರ್ವತವ್ವನನ್ನು ನೋಡಲು ಹೋದೆ. ಹುಣ್ಣು ಮಾಯುತ್ತಿತ್ತು, ಮಾತು ತೊದಲುತ್ತ ತೊದಲುತ್ತ ಮರಳುತ್ತಿತ್ತು. ಕುಷ್ಟಗಿಯ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುವ ಮಗಳು ರಜೆ ಹಾಕಿ ಜೊತೆಗಿದ್ದಳು. ಈ ಮೇಡಂ ಯಾರು ಗೊತ್ತೇನಬೇ ಎಂದು ಮಗಳು ಕೇಳಿದಾಗ, ಪಾರ್ವತವ್ವ ನನ್ನನ್ನು ಬಹಳ ಹೊತ್ತು ನೋಡಿದಳು. ಮುಖ ನೋಡಿ, ಆಮೇಲೆ ಕೈ ನೋಡಿ, ಆಮೇಲೆ ಕಾಲು ನೋಡಿದಳು.

"ನಿನ್ನ ಎಡಗಾಲಿನ ಮಣಕಾಲು ತೋರಿಸ್ಕೊಳವ್ವ" ಎಂದಳು. "ಅಡ್ಡಾಡೂಮುಂದ ಭಾಳ ತ್ರಾಸ ಕೊಡ್ತು."

"ಹಿಂಗ ಏನೇನರ ಮಾತಾಡ್ತಾಳ್ರಿ" ಎಂದು ಮಗಳು ಸಂಕೋಚದಿಂದ ನಕ್ಕಳು.

ನನ್ನ ಎಡಮೊಣಕಾಲು ಮೂರು ವರ್ಷದಿಂದ ನೋಯುತ್ತಿತ್ತು. ಕೆಲಸದ ಜಾಗದಲ್ಲಿ ಯಾರಿಗೂ ತಿಳಿಯದಂತೆ ನಡೆಯುವುದನ್ನು ರೂಢಿ ಮಾಡಿಕೊಂಡಿದ್ದೆ. ಮನೆಯವರನ್ನು ಬಿಟ್ಟು ಅದು ಒಬ್ಬರಿಗೂ ಗೊತ್ತಿರಲಿಲ್ಲ. ನಾನು ಏನೋ ಉತ್ತರ ಕೊಟ್ಟು, ಹಣ್ಣಿನ ಚೀಲ ಮಗಳ ಕೈಗಿಟ್ಟು ಹೊರಗೆ ಬಂದೆ.

ಪಾರ್ವತವ್ವ ಆಮೇಲೆ ಒಂದೂವರೆ ವರ್ಷ ಮಗಳ ಜೊತೆ ಇದ್ದಳು. ಕುಷ್ಟಗಿಗೆ ಎರಡು ಸಲ ಹೋಗಿ ಬಂದೆ. ಆ ಹತ್ತು ನಿಮಿಷ ನನ್ನ ಕಾಲಲ್ಲಿ ಅಡ್ಡಾಡಿದವಳು ನೀನೇನಾ ಎಂದು ಎರಡು ಸಲವೂ ಕೇಳಬೇಕೆಂದೇ ಹೋಗಿದ್ದೆ. ಹತ್ತಿರ ಕೂತು, ಅವಳ ಬಲಗೈ ಹಿಡಿದುಕೊಂಡು, ಮಳೆಯ ಮಾತು, ಮೊಮ್ಮಕ್ಕಳ ಮಾತು ಆಡಿ ಎದ್ದು ಬಂದೆ.