ಸ್ವಲ್ಪ ಸೀರಿಯಸ್ಸು

ಅತ್ತಿಗೆ, ನಿಮ್ಮ ತಮ್ಮ ನಾಗರಾಜ ಸುಳ್ಳು ಹೇಳಲಿಲ್ಲ. ಆ ಸೋಮವಾರ ಬೆಳಗ್ಗೆ ಅವರು ಮಂಡ್ಯದಿಂದ ಫೋನು ಮಾಡಿದ್ದು ನಿಜ. ಎತ್ತಿದವಳು ನಾನು, ನಿಮಗೆ ಹೇಳದೆ ಮುಚ್ಚಿಟ್ಟವಳೂ ನಾನು. ಮೂವತ್ತೈದು ವರ್ಷಕ್ಕೂ ಮೇಲಾಯಿತು. ಇದನ್ನು ಮೊದಲ ಸಾಲಿನಲ್ಲೇ ಬರೆಯದಿದ್ದರೆ ಕೊನೆಯ ಸಾಲಿನವರೆಗೂ ಬರೆಯುವುದಿಲ್ಲ — ನನ್ನ ಬುದ್ಧಿ ನನಗೆ ಗೊತ್ತು.

ಎದುರು ಕೂತು ಹೇಳಬಹುದಿತ್ತು. ಪ್ರತಿ ಗುರುವಾರ ಫ್ರೀಮಾಂಟಿಗೆ, ರೂಪಾಳ ಮನೆಗೆ ಬಂದು, ನಿಮ್ಮ ಕೈಯ ಕಾಫಿ ಕುಡಿದು ಹೋಗುವವಳು ನಾನು. ಅಣ್ಣ ತೀರಿಕೊಂಡ ಮೇಲೆ ನೀವು ಮಗಳ ಮನೆಗೆ ಬಂದಾಗಿನಿಂದ ಎಷ್ಟು ಗುರುವಾರಗಳಾದವೋ. ನಿಮ್ಮ ಮುಖ ನೋಡಿದರೆ ನಾಲಿಗೆ ಏಳುವುದಿಲ್ಲ. ಅದಕ್ಕೇ ಈ ಕಾಗದ.

ಆ ವಾರದ್ದು ನಿಮಗೆ ನೆನಪಿದೆ, ಆದರೆ ಅದಕ್ಕೆ ಮುಂಚಿನ ಎರಡು ತಿಂಗಳು ನಿಮಗೆ ಗೊತ್ತಿಲ್ಲ. ನೀವು, ಅಣ್ಣ, ಮಕ್ಕಳು ಫ್ರೆಸ್ನೋದಿಂದ ಒಂದು ವಾರಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ನಮ್ಮ ಅಪಾರ್ಟ್‌ಮೆಂಟಿಗೆ ಬರುವುದೆಂದು ಮೇ ತಿಂಗಳಲ್ಲೇ ಮಾತಾಗಿತ್ತಲ್ಲ, ಅವತ್ತಿನಿಂದಲೇ ನಾನು ಒಂದು ದೊಡ್ಡ ಹಾಳೆಯಲ್ಲಿ ದಿನಕ್ಕೊಂದರಂತೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಸಂದೀಪ ಇನ್ನೂ ಐದರ ಮಗು, ಮಧ್ಯಾಹ್ನ ನಿದ್ದೆಯಿಲ್ಲದಿದ್ದರೆ ರಂಪ ಮಾಡುತ್ತಾನೆ, ಹಾಗಾಗಿ ಒಂದರಿಂದ ಮೂರರವರೆಗೆ ಎಲ್ಲೂ ಹೋಗುವಂತಿಲ್ಲ. ಅಣ್ಣನ ಮಂಡಿಗೆ ಈ ಊರಿನ ಏರುಬೀದಿಗಳು ಆಗಿಬರುವುದಿಲ್ಲ, ಯಾವ ಬಸ್ಸು ಹತ್ತಿದರೆ ಇಳಿಜಾರಿನಲ್ಲಿ ನಡೆಯಬಹುದೆಂದು ನಾನೇ ಹತ್ತಿ ಇಳಿದು ನೋಡಿದ್ದೆ. ರೂಪಾಳಿಗೆ ಮೃಗಾಲಯ. ನೀವು ಸೆಕೆಯ ಊರಿನವರು, ಹತ್ತಿಬಟ್ಟೆಯಲ್ಲೇ ಬಂದಿಳಿಯುತ್ತೀರಿ, ಇಲ್ಲಿ ಜುಲೈನಲ್ಲೂ ಮಂಜು ಕೊರೆಯುತ್ತದೆಂದು ನಾಲ್ಕು ಜನರ ಅಳತೆಗೂ ಸ್ವೆಟರು ಹೊಂದಿಸಿಟ್ಟಿದ್ದೆ. ಬುಧವಾರ ಸಮುದ್ರ.

ಮದುವೆಯಾಗಿ ಈ ದೇಶಕ್ಕೆ ಬಂದ ಹೊಸದರಲ್ಲಿ ನಾನೂ ಇವರೂ ಎಂಟು ತಿಂಗಳು ನಿಮ್ಮ ಮನೆಯಲ್ಲಿದ್ದೆವು. ಹಾಲಿಗೆ ಹೆಪ್ಪು ಹಾಕುವುದನ್ನೂ ಫ್ರೀವೇ ಮೇಲೆ ಕಾರು ಓಡಿಸುವುದನ್ನೂ ನನಗೆ ಕಲಿಸಿದವರು ನೀವು. ಒಂದು ದಿನವೂ ಮುಖ ಸಿಂಡರಿಸಲಿಲ್ಲ. ನನ್ನ ಮನೆ ಅಂತ ಒಂದಾದ ಮೇಲೆ ನೀವು ಬರುತ್ತಿದ್ದದ್ದು ಅದೇ ಮೊದಲು. ನಾನೂ ಅಚ್ಚುಕಟ್ಟಾಗಿ ಮಾಡಬಲ್ಲೆ ಎಂದು ತೋರಿಸಬೇಕಿತ್ತು — ನಿಮಗೋ, ನನಗೋ, ಗೊತ್ತಿಲ್ಲ.

ಸೋಮವಾರ ಬೆಳಗ್ಗೆ ಎಂಟಕ್ಕೆ ಫೋನು ಬಂತು. ಇವರು ಆಫೀಸಿಗೆ ಹೋಗಿದ್ದರು. ನೀವು ಆಗಲೇ ಫ್ರೆಸ್ನೋ ಬಿಟ್ಟು ದಾರಿಯಲ್ಲಿದ್ದಿರಿ, ದಾರಿಯಲ್ಲಿದ್ದವರನ್ನು ಹಿಡಿಯುವ ಉಪಾಯ ಆ ಕಾಲದಲ್ಲಿ ಇರಲಿಲ್ಲ. ಆ ವಾರ ನಮ್ಮಲ್ಲಿರುತ್ತೀರೆಂದು ನೀವೇ ತಮ್ಮನಿಗೆ ಬರೆದು ನಮ್ಮ ನಂಬರು ಕೊಟ್ಟಿದ್ದಿರಿ.

"ಅಕ್ಕ ಬಂದ್ಲಾ?" ಎಂದರು ನಾಗರಾಜ. ನಮ್ಮ ಮಾತು ಅಲ್ಲಿಗೆ ಮುಟ್ಟಿ ಅವರ ಮಾತು ಇಲ್ಲಿಗೆ ಬರುವಷ್ಟರಲ್ಲಿ ನಡುವೆ ಒಂದು ಗವಿಯ ಸದ್ದು.

"ಇಲ್ಲ, ಮಧ್ಯಾಹ್ನ ಬರ್ತಾರೆ."

"ಬಂದ ತಕ್ಷಣ ಹೇಳಿ. ಅಮ್ಮಂಗೆ ಸ್ವಲ್ಪ ಸೀರಿಯಸ್ಸು. ಅವಳನ್ನ ಹೊರಡಿಸಿಬಿಡಿ." ಆಮೇಲೆ ಮತ್ತೆ, "ಇದಾರೆ. ನಿಜವಾಗ್ಲೂ ಇದಾರೆ. ಅಕ್ಕನ್ನೇ ಕೇಳ್ತಿದಾರೆ."

"ಆಯ್ತು, ಹೇಳ್ತೀನಿ" ಎಂದೆ.

ನಮ್ಮ ಜನ ಸತ್ತರು ಎಂದು ದೂರದವರಿಗೆ ಯಾವತ್ತು ನೇರವಾಗಿ ಹೇಳಿದ್ದಾರೆ, ನೀವೇ ಹೇಳಿ. ಸ್ವಲ್ಪ ಸೀರಿಯಸ್ಸು, ಹೊರಟು ಬಾ — ಇಷ್ಟೇ. ಕೇಳಿದವರಿಗೆ ಅರ್ಥವಾಗಿರುತ್ತದೆ, ಅರ್ಥವಾಗದ ಹಾಗೆ ಹೊರಡುತ್ತಾರೆ. ನಮ್ಮಪ್ಪ ಹೋದಾಗ ನನಗೂ ಅಣ್ಣನಿಗೂ ಬಂದ ಸುದ್ದಿ ಅದೇ ತಾನೇ? ಎರಡು ದಿನ ವಿಮಾನದಲ್ಲಿ ಕೂತು ಇದ್ದಬದ್ದ ದೇವರಿಗೆಲ್ಲ ಹರಕೆ ಹೊತ್ತೆ. ಊರು ಮುಟ್ಟುವಷ್ಟರಲ್ಲಿ ಬೂದಿಯನ್ನೂ ನೀರಿಗೆ ಬಿಟ್ಟು ಬಂದಿದ್ದರು. ಹಾಗಾಗಿ ನಾಗರಾಜ ಸೀರಿಯಸ್ಸು ಎಂದ ಕೂಡಲೇ ನಿಮ್ಮ ಅಮ್ಮ ಹೋಗಿಬಿಟ್ಟರು ಎಂದುಕೊಂಡೆ. ನಿಜವಾಗ್ಲೂ ಇದಾರೆ ಎಂದು ಅವರು ಒತ್ತಿ ಹೇಳಿದ್ದು ನನ್ನ ಅನುಮಾನವನ್ನು ಗಟ್ಟಿ ಮಾಡಿತು. ಇರುವವರನ್ನು ಇದ್ದಾರೆ ಎಂದು ಯಾರಾದರೂ ಅಷ್ಟು ಒತ್ತಿ ಹೇಳುತ್ತಾರೆಯೇ — ಹೀಗೆ ಯೋಚಿಸಿದೆ.

ಇದು ಸಬೂಬಲ್ಲ. ತಪ್ಪು ತಿಳಿದುಕೊಂಡೆ ಎನ್ನುವುದು ಅರ್ಧ ಮಾತ್ರ. ಇನ್ನರ್ಧ ಇದು: ಫೋನಿಟ್ಟ ಮೇಲೆ ನಾನು ಮೊದಲು ನೋಡಿದ್ದು ಫ್ರಿಜ್ಜಿನ ಬಾಗಿಲನ್ನು. ಹೋದವರಂತೂ ಹೋದರು, ಅತ್ತಿಗೆ ಎದ್ದುಬಿದ್ದು ಓಡಿದರೂ ಮುಖ ನೋಡಲು ಸಿಗುವುದಿಲ್ಲ, ಮಕ್ಕಳು ಎಷ್ಟು ಆಸೆಯಿಂದ ಬರುತ್ತಿವೆ, ಶನಿವಾರ ಹೊರಡುವ ಮುಂಚೆ ಮೆಲ್ಲಗೆ ಹೇಳಿದರಾಯಿತು. ಇಷ್ಟನ್ನೂ ಅಲ್ಲೇ ನಿಂತು ತೀರ್ಮಾನಿಸಿದೆ. ಒಲೆಯ ಮೇಲೆ ಅನ್ನವಿತ್ತು, ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದೆ.

ನೀವು ಬಂದಿರಿ. ಬಾಗಿಲಲ್ಲೇ "ಅಯ್ಯೋ, ಏನೇ ಇದು ಚಳಿ!" ಎಂದು ನಕ್ಕಿರಿ, ನಾನು ಸ್ವೆಟರು ಕೊಟ್ಟೆ.

ಅವತ್ತು ಸಂಜೆ ನೀವು ದೇವರ ಗೂಡಿನ ಕಡೆ ನೋಡಿ, "ದೀಪ ಹಚ್ಚಿಲ್ವಾ ವಿಮಲಾ?" ಎಂದು ಕೇಳಿದಿರಿ. ಎಣ್ಣೆ ಮುಗಿದಿದೆ ಎಂದೆ. ಎಣ್ಣೆ ಇತ್ತು, ಅತ್ತಿಗೆ. ಮದುವೆಯಾದ ಮಗಳಿಗೆ ಮೂರು ದಿನ ಸೂತಕ ಎಂಬಷ್ಟು ಶಾಸ್ತ್ರ ನನಗೆ ಗೊತ್ತಿತ್ತು. ಸುದ್ದಿ ಕಿವಿಗೆ ಬೀಳದಿದ್ದರೆ ಸೂತಕವಿಲ್ಲ ಎಂಬುದೂ ಗೊತ್ತಿತ್ತು. ಆದರೂ ನಿಮ್ಮ ಪಾಲಿನದನ್ನು ನಾನು ಹಿಡಿದೆ — ನಿಮ್ಮಿಂದ ಕಿತ್ತುಕೊಂಡದ್ದಕ್ಕೆ ಅಷ್ಟಾದರೂ ಮಾಡೋಣ ಎಂಬಂತೆ. ಸೋಮವಾರ, ಮಂಗಳವಾರ, ಬುಧವಾರ ದೀಪವಿಲ್ಲ. ಸಿಹಿ ಮಾಡಲಿಲ್ಲ. ಗುರುವಾರ ಬೆಳಗ್ಗೆ ತಲೆಗೆ ಸ್ನಾನ ಮಾಡಿ ದೀಪ ಹಚ್ಚಿದೆ. ನೀವು ಬಂದು ಕೈಮುಗಿದು, "ಊರಲ್ಲಿ ಅಮ್ಮ ಚೆನ್ನಾಗಿರ್ಲಪ್ಪ" ಎಂದಿರಿ. ನನಗೆ ಪಾಪ ಅನ್ನಿಸಿತು, ನಿಮ್ಮನ್ನು ನೋಡಿ.

ಮಂಡ್ಯದಲ್ಲಿ ಆಗ ನಿಮ್ಮ ಅಮ್ಮ ಉಸಿರಾಡುತ್ತಿದ್ದರು. ನೀವು ಹೊರಟಿದ್ದೀರೆಂದೇ ನಂಬಿ ನಾಗರಾಜ ಮತ್ತೆ ಫೋನು ಮಾಡದೆ ಕಾಯುತ್ತಿದ್ದರು. ಬದುಕಿದ್ದವರಿಗೆ ನಾನು ಸೂತಕ ಹಿಡಿದು ಮುಗಿಸಿದ್ದೆ.

ಬುಧವಾರದ ಫೋಟೋ ನಿಮ್ಮ ಕೋಣೆಯ ಗೋಡೆಯ ಮೇಲೆ ಈಗಲೂ ಇದೆ. ಬೂದುಬಣ್ಣದ ಸಮುದ್ರ, ಸೀರೆಯ ಮೇಲೆ ನನ್ನ ಕಂದು ಸ್ವೆಟರು ಹಾಕಿಕೊಂಡು, ಸಂದೀಪನನ್ನು ಅಲೆಯಿಂದ ಹಿಂದಕ್ಕೆಳೆಯುತ್ತ ನೀವು ಬಾಯ್ತುಂಬ ನಗುತ್ತಿದ್ದೀರಿ. ರೂಪಾ "ಅಮ್ಮಾ, ಲುಕ್!" ಎಂದು ಕೂಗಿದಾಗ ನಾನು ಕ್ಲಿಕ್ಕಿಸಿದ್ದು. ಪ್ರತಿ ಗುರುವಾರ ಅದರ ಕೆಳಗೇ ಕೂರುತ್ತೇನೆ. ಆ ಹೊತ್ತಿಗೆ ನೀವು ವಿಮಾನದಲ್ಲಿರಬೇಕಿತ್ತು.

ಶನಿವಾರ ಬೆಳಗ್ಗೆ ನಿಮ್ಮ ದಾರಿಗೆಂದು ಪುಳಿಯೋಗರೆ ಕಲಸುತ್ತಿದ್ದೆ. ಕೈ ಮುಸುರೆ. ಫೋನು ಹೊಡೆದುಕೊಂಡಿತು, ನೀವು ಎತ್ತಿದಿರಿ. "ಯಾವಾಗ್ಲೋ? ಇವತ್ತು ಮಧ್ಯಾಹ್ನಾನಾ?" ಎಂಬ ನಿಮ್ಮ ದನಿ ಕೇಳಿತು. ಇವತ್ತು ಮಧ್ಯಾಹ್ನ. ಆ ಮಾತು ನನ್ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಕಲಸುತ್ತಲೇ ಇದ್ದೆ. ಆಮೇಲೆ ನೀವು ರಿಸೀವರನ್ನು ಎದೆಗೆ ಒತ್ತಿಕೊಂಡು ನನ್ನ ಕಡೆ ತಿರುಗಿದಿರಿ.

"ವಿಮಲಾ, ಸೋಮವಾರ ನಾಗರಾಜ ಫೋನ್ ಮಾಡಿದ್ನಾ? ನಿಂಗೆ ಹೇಳಿದ್ನಂತೆ?"

"ಇಲ್ವಲ್ಲ ಅತ್ತಿಗೆ" ಎಂದೆ.

ಬರೀ 'ಇಲ್ಲ' ಎಂದಿದ್ದರೆ ಗಾಬರಿಯಲ್ಲಿ ಬಾಯಿತಪ್ಪಿ ಬಂದದ್ದು ಎನ್ನಬಹುದಿತ್ತೇನೋ. 'ಇಲ್ವಲ್ಲ' ಎಂದೆ. ಏನೂ ಅರಿಯದವಳು ಆಶ್ಚರ್ಯಪಡುವ ಹಾಗೆ, ಹುಬ್ಬು ಕೂಡ ಎತ್ತಿದೆ. ಆ ಒಂದು ಮಾತನ್ನು ಎಷ್ಟು ಸಲ ಬಾಯೊಳಗೇ ಆಡಿ ನೋಡಿದ್ದೇನೋ ಲೆಕ್ಕವಿಲ್ಲ.

ನೀವು ನನ್ನನ್ನು ನಂಬಿದಿರಿ. ಊರಿಗೆ ಹೋಗಿಬಂದ ಮೇಲೆ ನನ್ನ ಕೈಹಿಡಿದು ಅತ್ತಿರಿ: "ಐದು ದಿನ ಇದ್ರಂತೆ ಕಣೆ. ಗೇಟು ಸದ್ದಾದಾಗೆಲ್ಲ ಶಾರದಾ ಬಂದ್ಲಾ ಅಂತಿದ್ರಂತೆ. ಕೊನೆ ಗಳಿಗೇಲಿ ತಾನೊಬ್ಬನೇ ಇರ್ಬೇಕು ಅಂತ ಇವನು ನಂಗೆ ತಿಳಿಸ್ಲೇ ಇಲ್ಲ. ಮೇಲೆ ನಿನ್ನ ಮೇಲೆ ಗೂಬೆ ಕೂರಿಸ್ತಾನೆ." ನಾನು ನಿಮ್ಮ ಬೆನ್ನು ಸವರಿದೆ. ಅವತ್ತು ಹೇಳಬಹುದಿತ್ತು. ಅದಾದ ಮೇಲೆ ಅವರ ಕಾಗದಗಳನ್ನು ನೀವು ಒಡೆಯದೆ ವಾಪಸು ಕಳಿಸಿದಾಗ, ಅವರ ಮಗಳ ಮದುವೆಗೆ ಹೋಗದಿದ್ದಾಗ — ಒಂದೊಂದು ಸಲವೂ ಹೇಳಬಹುದಿತ್ತು. ಹೇಳಿದರೆ ನಿಮ್ಮನ್ನು ಕಳೆದುಕೊಳ್ಳುತ್ತೇನೆಂಬ ಭಯ. ನೀವು ತಮ್ಮನನ್ನು ಕಳೆದುಕೊಂಡಿರಿ, ನಾನು ಅತ್ತಿಗೆಯನ್ನು ಉಳಿಸಿಕೊಂಡೆ. ತಾಯಿಯ ಮಲಮೂತ್ರ ತೆಗೆದು ನೋಡಿಕೊಂಡ ಮನುಷ್ಯ ನಿಮ್ಮ ಬಾಯಲ್ಲಿ ಸುಳ್ಳುಗಾರನಾದ. ಇದಕ್ಕೆ ನನಗೆ ಅಳು ಬರಬೇಕಿತ್ತು. ಒಂದು ಸಲವೂ ಬಂದಿಲ್ಲ, ಈಗ ಬರೆಯುವಾಗಲೂ ಇಲ್ಲ.

ನಿನ್ನೆ, ಗುರುವಾರ, ಕಾಫಿ ಬಗ್ಗಿಸುತ್ತ ನೀವೇ ಹೇಳಿದಿರಿ: "ನಾಗರಾಜನ ಮಗಳು ರೂಪಂಗೆ ಫೋನ್ ಮಾಡಿದ್ಲಂತೆ. ಅವನಿಗೆ ಸ್ವಲ್ಪ ಸೀರಿಯಸ್ಸಂತೆ." ಲೋಟ ನನ್ನ ಮುಂದಿಟ್ಟಿರಿ. "ಇನ್ನೇನು, ಹೋಗಿರ್ತಾನೆ ಬಿಡು. ನಮ್ಮೋರು ಹೇಳೋದೇ ಹಾಗಲ್ವಾ." ನಿಮ್ಮ ದನಿಯಲ್ಲಿ ಏನೂ ಇರಲಿಲ್ಲ, ಅತ್ತಿಗೆ. ಆದರೆ ಸಕ್ಕರೆ ಎರಡು ಸಲ ಹಾಕಿದಿರಿ. ನಿನ್ನೆಯೂ ನಾನು ಬಾಯಿ ಬಿಡಲಿಲ್ಲ, ಆ ಕಾಫಿ ಕುಡಿದು ಬಂದೆ.

ಸಂಜೆ ಮನೆಯಿಂದ ಮಂಡ್ಯಕ್ಕೆ ಫೋನು ಮಾಡಿದೆ. ಅವರ ಮಗಳು ಎತ್ತಿ, ಅವರ ಕಿವಿಯ ಹತ್ತಿರ ಹಿಡಿದಳು. "ಅಕ್ಕಾನಾ?" ಎಂದರು. ಅಲ್ಲ, ವಿಮಲಾ ಎಂದೆ. ಎಲ್ಲವನ್ನೂ ಹೇಳಿದೆ, ಒಂದೂ ಬಿಡದೆ. ಬೈಯಲಿಲ್ಲ. ಕೇಳಿದ್ದು ಒಂದೇ: "ಅಕ್ಕಂಗೆ ಗೊತ್ತಾ?"

ಇಲ್ಲ ಎಂದೆ. ಈ ಸಲ ಆ ಮಾತು ನಿಜವಾಗಿತ್ತು.

ಇದನ್ನು ಮುಗಿಸಿ ಈಗಲೇ ಕಾರು ತೆಗೆಯುತ್ತೇನೆ. ಕಾಗದ ನಿಮ್ಮ ಕೈಗಿಟ್ಟು ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ಒಳಗೆ ಕರೆಯದಿದ್ದರೆ ಎದ್ದು ಹೋಗುತ್ತೇನೆ, ಮುಂದಿನ ಗುರುವಾರ ಬರುವುದಿಲ್ಲ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ನನ್ನನ್ನು ಏನು ಅನ್ನಬೇಕೋ ಆಮೇಲೆ ಅನ್ನಿ. ನಂಬರು ರೂಪಾಳ ಹತ್ತಿರ ಇದೆ, ಅಲ್ಲಿ ಈಗ ಸಂಜೆ, ಅವರಿಗೆ ಎಚ್ಚರವಿರುವ ಹೊತ್ತು. ಮೊದಲು ಫೋನು ಎತ್ತಿಕೊಳ್ಳಿ.

ಇದಾರೆ, ಅತ್ತಿಗೆ. ನಿಜವಾಗ್ಲೂ ಇದಾರೆ.