ಚೌಕಳಿ ಹಾಳೆಯ ರಾಕ್ಷಸ

ಮಗಳ ಎರಡೂ ಕಿಡ್ನಿ ಸೋತಿದ್ದವು. ನನ್ನದು ಹೊಂದಲಿಲ್ಲ, ಅವಳಪ್ಪನಿಗೆ ಬಿಪಿ. ಸತ್ತವರ ಕಿಡ್ನಿಗಾಗಿ ಬೆಳಗಾವಿಯ ಆಸ್ಪತ್ರೆಯಲ್ಲಿ ಹೆಸರು ಬರೆಸಿ ಕಾಯುವುದೊಂದೇ ಉಳಿದಿತ್ತು. ಅಷ್ಟರಲ್ಲಿ ಶಾಲೆಯಲ್ಲಿ ಯಾರೋ ಪುಣ್ಯಾತ್ಮರು ಆ ಹಳೆಯ ವಿಲಾಯತಿ ಕಥೆ ಹೇಳಿಬಿಟ್ಟರು. ಒಬ್ಬ ಪಂಡಿತ ಹೆಣಗಳ ಕೈಕಾಲು ತಂದು, ಹೊಲಿದು, ಜೀವ ತುಂಬಿದನಂತೆ. ಎದ್ದು ಕೂತದ್ದು ರಾಕ್ಷಸ. ಕಂಡವರೆಲ್ಲ ಅದಕ್ಕೆ ಕಲ್ಲು ಹೊಡೆದರಂತೆ. ಮಗಳು ಮನೆಗೆ ಬಂದವಳೇ ಚೀಲ ಎಸೆದಳು.

"ನನಗೂ ಸತ್ತವರದ ಹಾಕತೀರಿ. ನಾನೂ ಹಂಗ ಆಗತೇನಿ. ನಾ ಒಲ್ಲೆವ್ವಾ!"

ಬೈದೆ, ಮುದ್ದು ಮಾಡಿದೆ, ಡಾಕ್ಟರರಿಂದ ಹೇಳಿಸಿದೆ. ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

ನಾನು ಬನಹಟ್ಟಿಯಲ್ಲಿ ಸೀರೆಯ ಸೆರಗು, ಅಂಚುಗಳಿಗೆ ನಕ್ಷೆ ಬರೆಯುವವಳು. ಚೌಕಳಿ ಹಾಳೆಯ ಪುಟ್ಟ ಪುಟ್ಟ ಮನೆ ತುಂಬಿ ನವಿಲು, ಹಂಸ ಮಾಡುವುದಷ್ಟೇ ನನಗೆ ಗೊತ್ತು. ಬೇರೆ ದಾರಿ ಕಾಣದೆ ಅದೇ ಹಾಳೆಯಲ್ಲಿ ಆ ರಾಕ್ಷಸನ ಕಾಮಿಕ್ಸ್ ಶುರು ಮಾಡಿದೆ. ಚೌಕಳಿಯಿಂದಾಗಿ ಅವನ ಮೂಗು, ಭುಜ ಎಲ್ಲ ಮೆಟ್ಟಿಲು ಮೆಟ್ಟಿಲಾದವು. ಹಣೆಗೆ ಹೊಲಿಗೆ ಮಾತ್ರ ಹಾಕಲಿಲ್ಲ. ಮಗ್ಗದ ಮೇಲಿನ ಉದ್ದೆಳೆಗಳ ಹಾಸು ಮುಗಿಯುತ್ತ ಬಂದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಗೆ ಬೆರಳಲ್ಲಿ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಕೆಚ್ಚುವುದು ಎನ್ನುತ್ತೇವೆ. ಅವನನ್ನೂ ಹಾಗೆಯೇ ಕೆಚ್ಚಿದೆ.

ಕೈ ನಮ್ಮ ಓಣಿಯ ನೇಕಾರನದು, ಹೊಟ್ಟೆ ಸಮೀರವಾಡಿಯ ಕಬ್ಬು ಕಡಿಯುವವನದು, ಕಾಲು ಮುಧೋಳ ಕಡೆಯ ಕುರಿ ಕಾಯುವ ಅಜ್ಜನದು. ಕುರಿ ಕಂಡಲ್ಲೆಲ್ಲ ಕಾಲು ಅತ್ತ ಓಡುತ್ತದೆ. ಮಗ್ಗದ ಸದ್ದು ಕೇಳಿದರೆ ಕೈ ಇತ್ತ ಎಳೆಯುತ್ತದೆ. ಒಂದು ಪುಟದಲ್ಲಿ ಅಜ್ಜನ ಬೇಟೆನಾಯಿ ಅವನ ಮುಖ ನೋಡಿ ಬೊಗಳುತ್ತದೆ, ಪಾದ ಮೂಸಿ ನೆಕ್ಕುತ್ತದೆ, ತಲೆಯೆತ್ತಿ ಮತ್ತೆ ಬೊಗಳುತ್ತದೆ. ಡಯಾಲಿಸಿಸ್ ಹಾಸಿಗೆಯಲ್ಲಿ ಅದನ್ನು ನೋಡಿ ಮಗಳು ನಕ್ಕೂ ನಕ್ಕೂ ಸುಸ್ತಾದಳು. ಆಮೇಲೆ, "ಹಾಕಿಸ್ಕೊಂತೇನಿ ಬಿಡು" ಎಂದಳು. ನರ್ಸ್ ಎದುರಿಗೇ ಅತ್ತುಬಿಟ್ಟೆ.

ಅವಳೇನೋ ಒಪ್ಪಿದಳು, ಕಿಡ್ನಿ ಸಿಕ್ಕಿತೆಂಬ ಫೋನು ಮಾತ್ರ ಬರಲಿಲ್ಲ. ಡಯಾಲಿಸಿಸ್‌ಗೆಂದು ವಾರಕ್ಕೆರಡು ಸಲ ಬಾಗಲಕೋಟೆಯ ಬಸ್ಸು. ಅವಳ ಮುಖ ಊದಿತು, ನಾಲ್ಕು ಹೆಜ್ಜೆ ಇಟ್ಟರೆ ದಮ್ಮು ಹತ್ತುತ್ತಿತ್ತು. ನನಗೆ ದಿಕ್ಕೇ ತೋಚದಾಗಿತ್ತು.

ಕಬ್ಬಿನ ಹಂಗಾಮು ಅದು. ಒಂದು ದಿನ ಲೋಕಾಪುರದ ಹತ್ತಿರ ಟ್ರೇಲರ್ ಮಗುಚಿತ್ತು, ಪಕ್ಕದಲ್ಲಿ ಬೈಕೊಂದು ಬಿದ್ದಿತ್ತು. ಬೈಕಿನ ಹುಡುಗ ಅಲುಗಾಡದೆ ಮಲಗಿದ್ದ. ಬಸ್ಸಿನವರೆಲ್ಲ ಅಯ್ಯೋ ಪಾಪ ಎಂದರು. ನಾನು ಕಿಟಕಿಯಿಂದ ಕತ್ತು ಚಾಚಿ ಅವನ ವಯಸ್ಸು ಅಂದಾಜು ಮಾಡುತ್ತಿದ್ದೆ. ಕೆಳಗಿಳಿದು ನೋಡಿಬಂದ ಕಂಡಕ್ಟರನನ್ನು, "ಪೆಟ್ಟು ತಲಿಗೆ ಅಷ್ಟ ಏನ್ರಿ? ಹೊಟ್ಟಿಗೆ ಏನೂ ಆಗಿಲ್ಲಲ್ರೀ?" ಎಂದು ಕೇಳಿಯೂಬಿಟ್ಟೆ. ಆತ ನನ್ನ ಮುಖವನ್ನೇ ನೋಡಿದ. ಅಷ್ಟರಲ್ಲಿ ಹುಡುಗ ಎದ್ದು ಕೂತು ನೀರು ಕೇಳಿದ. ಬದುಕಿದನಲ್ಲ ಎಂದು ಎಲ್ಲರೂ ಕೈಮುಗಿದರು. ನನಗೆ ನಿರಾಸೆಯಾಯಿತು. ಹೌದು, ನಿರಾಸೆಯೇ. ನನ್ನ ಮೇಲೆ ನನಗೇ ಹೇಸಿಗೆ ಹುಟ್ಟಿತು. ಆದರೂ ಮರುದಿನ ದೇವರ ಮುಂದೆ ನಿಂತು ಬೇಡಿದ್ದು ಅದನ್ನೇ.

ಕೊನೆಗೆ ಒಂದು ಮಧ್ಯಾಹ್ನ ಬೆಳಗಾವಿಯಿಂದ ಫೋನು ಬಂತು.

"ಕಿಡ್ನಿ ಸಿಕ್ಕೈತ್ರಿ, ಲಗೂ ಬರ್ರಿ. ಹುಡುಗಿಗೆ ಏನೂ ತಿನ್ನಾಕ ಕೊಡಬ್ಯಾಡ್ರಿ."

ಗಂಡ ಗಾಡಿ ತರಲು ಓಡಿದ. ನಾನು ಕೂಗಿದ ಕೂಗಿಗೆ ಓಣಿಯ ಹೆಂಗಸರು ಬಾಗಿಲಲ್ಲಿ ನೆರೆದರು. ಒಳಗಿನಿಂದ ಸಕ್ಕರೆ ಡಬ್ಬಿ ತಂದು ಎಲ್ಲರ ಬಾಯಿಗೂ ಹಾಕಿದೆ. ಅವರು ನನ್ನ ಬಾಯಿಗೂ ಹಾಕಿ, "ಛಲೋ ಆತ ನೋಡವ್ವಾ" ಎಂದು ತಬ್ಬಿಕೊಂಡರು. ಮಗಳು ಚಪ್ಪಲಿ ಹಾಕಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು.

"ಯವ್ವಾ, ಯಾರ ಸತ್ತಾರ?" ಎಂದು ಕೇಳಿದಳು. "ಅವರ ಮನ್ಯಾಗ ಅಳಾಕತ್ತಿರತಾರಲ್ಲ?"

ಫೋನಿನಲ್ಲಿ ನಾನು ಅದನ್ನು ಕೇಳಿಯೇ ಇರಲಿಲ್ಲ. ಬಾಯಲ್ಲಿ ಸಕ್ಕರೆ ಇನ್ನೂ ಕರಗಿರಲಿಲ್ಲ.